ಪದಚರ್ಚೆ: ಲ್ಯಾಬಿನ ಬಾಗಿಲಿಗೆ ಯಾವ ಕನ್ನಡ? ‘ಸೌಲಭ್ಯ’, ‘ಮಾಲಿನ್ಯ’, ‘ಆರಿಸಿ’

ಪ್ರಶ್ನೆ:

ನಮಸ್ಕಾರ. ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆಯೊಂದರ ಬಾಗಿಲ ಫಲಕಗಳಿಗೂ ಬಳಕೆಯ ಸೂಚನೆಗಳಿಗೂ ಕನ್ನಡ ಬೇಕಾಗಿದೆ. ಹಲವು ಲ್ಯಾಬುಗಳು ಬಳಸುವ ಶೇರ್ಡ್ ಫೆಸಿಲಿಟಿಗೆ ‘ಹಂಚಿಕೊಂಡ ಸೌಲಭ್ಯ’, ಜೀವಕೋಶಗಳನ್ನು ಬೆಳೆಸುವ ಸೆಲ್ ಕಲ್ಚರ್ ರೂಮಿಗೆ ‘ಕೃಷಿ ಕೊಠಡಿ’, ಕಂಟಾಮಿನೇಶನ್‌ಗೆ ‘ಮಾಲಿನ್ಯ’ ಎಂದು ಸದ್ಯಕ್ಕೆ ಹಾಕಿದ್ದೇವೆ. ಲೇಸರ್ ಬೆಳಕಿನಲ್ಲಿ ನೋಡುವ ಕಾನ್‌ಫೋಕಲ್ ಸೂಕ್ಷ್ಮದರ್ಶಕದ ಪಕ್ಕದ ಚೀಟಿಯಲ್ಲಿ ‘ಕೆಲಸ ಮುಗಿದ ಮೇಲೆ ಲೇಸರ್ ಆರಿಸಿ’ ಎಂದಿದೆ. ಸರಿಯೇ?

ಉತ್ತರ:

ಮೊದಲು ‘ಸೌಲಭ್ಯ’ವನ್ನು ಕೈಬಿಡಿ. ಕನ್ನಡದಲ್ಲಿ ಸೌಲಭ್ಯ ಎಂದರೆ ಒದಗಿಸುವಂಥದ್ದು, ಪಡೆಯುವಂಥದ್ದು: ಬಸ್ ಸೌಲಭ್ಯ, ಪಿಂಚಣಿ ಸೌಲಭ್ಯ. ಅದಕ್ಕೆ ಬಾಗಿಲು, ಬೀಗ ಇರುವುದಿಲ್ಲ. ‘ಹಂಚಿಕೊಂಡ’ ಎಂದರೆ ಪಾಲು ಮಾಡಿಕೊಂಡದ್ದು ಎಂದೇ ಮೊದಲು ಹೊಳೆಯುತ್ತದೆ. ಸೂಕ್ಷ್ಮದರ್ಶಕವನ್ನು ಯಾರೂ ಪಾಲು ಮಾಡಿಕೊಂಡಿಲ್ಲ. ‘ಸಾಮೂಹಿಕ’ವೂ ಒಗ್ಗದು. ಸಾಮೂಹಿಕ ವಿವಾಹದಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಹಸೆಮಣೆ ಏರುತ್ತಾರೆ, ಇಲ್ಲಿ ಒಬ್ಬರಾದ ಮೇಲೆ ಒಬ್ಬರು. ‘ಸಾರ್ವಜನಿಕ’ ಎಂದರಂತೂ ಯಾರು ಬೇಕಾದರೂ ಬರಬಹುದು ಎಂದಾಗುತ್ತದೆ. ತರಬೇತಿ ಪಡೆದು, ವೇಳೆ ಕಾಯ್ದಿರಿಸಿದವರಿಗೆ ಮಾತ್ರ ಪ್ರವೇಶ. ಬಳ್ಳಾರಿ ರಸ್ತೆಯ ಜೀವವಿಜ್ಞಾನ ಸಂಸ್ಥೆಗಳಾದ ಎನ್‌ಸಿಬಿಎಸ್, ಇನ್‌ಸ್ಟೆಮ್, ಸಿ-ಕ್ಯಾಂಪ್ ಒಂದೇ ಆವರಣದಲ್ಲಿವೆ. ಸಿ-ಕ್ಯಾಂಪ್‌ನ ಉಪಕರಣ ಸೇವೆಯನ್ನು ಹೊರಗಿನ ಲ್ಯಾಬುಗಳೂ ಸ್ಟಾರ್ಟಪ್‌ಗಳೂ ಶುಲ್ಕ ಕೊಟ್ಟು ಪಡೆಯುತ್ತವೆ. ಇಷ್ಟನ್ನೂ ಹೊರಬಲ್ಲ ಮಾತು ‘ಕೂಡುಬಳಕೆ’. ಕೂಡುಕುಟುಂಬ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಕೂಡುಬಳಕೆಯ ಸೂಕ್ಷ್ಮದರ್ಶಕ ಕೇಂದ್ರ’ ಎಂದು ಬರೆಯಿರಿ. ಮಾತಿನಲ್ಲಿ ಎಲ್ಲರೂ ‘ಫೆಸಿಲಿಟಿ’ ಎಂದೇ ಅನ್ನುತ್ತಾರೆ, ಅನ್ನಲಿ.

ಕಲ್ಚರ್‌ಗೆ ‘ಕೃಷಿ’ ತಪ್ಪಲ್ಲ. ‘ಅಂಗಾಂಶ ಕೃಷಿ ಬಾಳೆ’ ರೈತರ ಬಾಯಲ್ಲೇ ಇದೆ. ಆದರೆ ಬರೀ ‘ಕೃಷಿ ಕೊಠಡಿ’ ಬೇಡ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಅಂಥ ಫಲಕ ಹಾಕಿದರೆ ಕೃಷಿ ಮೇಳಕ್ಕೆ ಬಂದವರು ಬಿತ್ತನೆ ರಾಗಿ ಕೇಳಿಕೊಂಡು ಒಳಗೆ ಬಂದಾರು. ‘ಜೀವಕೋಶ ಕೃಷಿ’ ಎಂದು ಪೂರ್ತಿ ಬರೆಯಿರಿ. ಹೊಸದಾಗಿ ಬೆಳೆಸಲು ಹಾಕುವ ಬ್ಯಾಕ್ಟೀರಿಯಾದ ಚೂರಿಗೆ, ಅಂದರೆ ಇನಾಕ್ಯುಲಮ್‌ಗೆ ಮಾತ್ರ ‘ಹೆಪ್ಪು’ ನನಗೆ ಬಲು ಇಷ್ಟ. ನಿನ್ನೆಯ ಮೊಸರಿನ ಒಂದು ಚಮಚ ಇಂದಿನ ಹಾಲಿಗೆ, ನಿನ್ನೆಯ ಕಲ್ಚರಿನ 1 ಮಿಲಿಲೀಟರ್ ಇಂದಿನ 100 ಮಿಲಿಲೀಟರ್ ಹೊಸ ಮಾಧ್ಯಮಕ್ಕೆ (ಬೆಳೆಸುವ ಪೋಷಕ ದ್ರವಕ್ಕೆ). ಎರಡೂ ಒಂದೇ ಕೆಲಸ.

‘ಮಾಲಿನ್ಯ’ ವೃಷಭಾವತಿಗೆ ಸರಿ, ಫ್ಲಾಸ್ಕಿಗಲ್ಲ. ಇಲ್ಲಿ ಒಂದೇ ಪದ ಸಾಲದು, ಎರಡು ಬೇಕು. ಹೊರಗಿನ ಸೂಕ್ಷ್ಮಜೀವಿ ಹೊಕ್ಕರೆ ‘ಸೋಂಕು’. ಸೋಕುವುದರಿಂದ ಬಂದ ಮಾತು, ಆಗುವುದೂ ಹಾಗೆಯೇ: ಪಿಪೆಟ್ಟಿನ ತುದಿ ಬಾಟಲಿಯ ಕತ್ತಿಗೆ ತಗಲಿದರೆ ಸಾಕು. ಬ್ಯಾಕ್ಟೀರಿಯಾ ಸೇರಿದರೆ ಸಾಮಾನ್ಯವಾಗಿ ಮರುದಿನಕ್ಕೆಲ್ಲ ಮಾಧ್ಯಮ ಕದಡಿ, ಆಮ್ಲ ಹೆಚ್ಚಿ ಅದರಲ್ಲಿನ ಫೀನಾಲ್ ರೆಡ್ ಎಂಬ ಸೂಚಕ ಬಣ್ಣ ಹಳದಿಗೆ ತಿರುಗುತ್ತದೆ. ಮೈಕೋಪ್ಲಾಸ್ಮಾ ಎಂಬ ಅತಿಚಿಕ್ಕ ಬ್ಯಾಕ್ಟೀರಿಯಾ ಹಾಗಲ್ಲ. ಕೋಶಭಿತ್ತಿಯೇ ಇಲ್ಲದ್ದರಿಂದ ಅದಕ್ಕೆ ಪೆನಿಸಿಲಿನ್ ನಾಟದು, 0.22 ಮೈಕ್ರೋಮೀಟರ್ ಫಿಲ್ಟರಿನಲ್ಲೂ ನುಸುಳಬಲ್ಲದು, ದ್ರವ ತಿಳಿಯಾಗಿಯೇ ಕಾಣುತ್ತದೆ. ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿದರೆ ಸಿಕ್ಕಿಬೀಳುತ್ತದೆ. ಹಾಗಾಗಿ ‘ಕದಡಿದ್ದರೆ ತಿಳಿಸಿ’ ಎಂಬ ಸೂಚನೆಯೊಂದೇ ಸಾಲದು.

ಒಂದು ಕೋಶದ ತಳಿ ಇನ್ನೊಂದರೊಳಗೆ ಸೇರಿದರೆ ಅದು ಸೋಂಕಲ್ಲ, ‘ಬೆರಕೆ’. 1951ರಲ್ಲಿ ಕ್ಯಾನ್ಸರ್ ಗಡ್ಡೆಯೊಂದರಿಂದ ತೆಗೆದು ಬೆಳೆಸಿದ ಹೀಲಾ ಕೋಶಗಳು ಜಗತ್ತಿನ ಎಷ್ಟೋ ಲ್ಯಾಬುಗಳ ಬೇರೆ ತಳಿಗಳೊಳಗೆ ಸೇರಿಕೊಂಡು, ಬೇಗ ಬೆಳೆದು, ಮೂಲದವನ್ನೇ ಮೂಲೆಗೊತ್ತಿದವು. ‘ಕಲಬೆರಕೆ’ ಬೇಡ; ಅದರಲ್ಲಿ ಹಾಲಿಗೆ ನೀರು ಹಾಕಿದವನ ದುರುದ್ದೇಶದ ವಾಸನೆ ಇದೆ.

ಇದರ ಜತೆಗೇ ‘ಸ್ಟೆರೈಲ್’, ಅಂದರೆ ಯಾವ ಜೀವಾಣುವೂ ಉಳಿಯದ್ದು, ಬರುತ್ತದೆ. ಅರ್ಥಕ್ಕೆ ತೀರ ಹತ್ತಿರದ್ದು ‘ಮಡಿ’, ಮುಟ್ಟಿದರೆ ಕೆಟ್ಟಿತು ಎಂಬುದೂ ಸೇರಿ. ಆದರೆ ಆ ಮಾತು ಯಾರನ್ನು ಹೊರಗಿಟ್ಟಿತ್ತು ಎಂಬುದು ಗೊತ್ತಿರುವಾಗ ಫಲಕದ ಮೇಲೆ ಬೇಡವೇ ಬೇಡ. ‘ಕ್ರಿಮಿಶುದ್ಧ’ವೇ ಇರಲಿ, ಅದನ್ನು ಆಟೋಕ್ಲೇವ್ (ಒತ್ತಡದ ಹಬೆಯ ಪಾತ್ರೆ) ಒಳಗೆ ಆದದ್ದಕ್ಕೆ ಮೀಸಲಿಡಿ: 121 ಡಿಗ್ರಿ ಸೆಲ್ಸಿಯಸ್, ಚದರ ಇಂಚಿಗೆ 15 ಪೌಂಡ್ ಒತ್ತಡ, ಕನಿಷ್ಠ 15 ನಿಮಿಷ. ಶೇ. 70ರ ಆಲ್ಕೋಹಾಲಿನಲ್ಲಿ ಒರೆಸಿದ ಮೇಜಿಗೆ ಆ ಪದ ಸಲ್ಲದು. ಆಲ್ಕೋಹಾಲಿಗೆ ಬ್ಯಾಕ್ಟೀರಿಯಾದ ಬೀಜಕಗಳು ಸಾಯುವುದಿಲ್ಲ. ಅಲ್ಲಿ ‘ಆಲ್ಕೋಹಾಲಿನಿಂದ ಒರೆಸಿ’ ಎಂದಷ್ಟೇ ಬರೆದರೆ ಯಾರೂ ಮೋಸ ಹೋಗುವುದಿಲ್ಲ.

ಈಗ ಆ ಚೀಟಿ. ನಿಜವಾದ ಅಪಾಯ ಇರುವುದು ಅಲ್ಲೇ. ‘ಆರಿಸು’ ಎಂದರೆ ಆಯ್ದುಕೊಳ್ಳು, ನಂದಿಸು, ತಣಿಯಲು ಬಿಡು. ಅಕ್ಕಿ ಆರಿಸುತ್ತೇವೆ, ದೀಪ ಆರಿಸುತ್ತೇವೆ, ಬಿಸಿ ಹಾಲು ಆರಿಸುತ್ತೇವೆ. ಕಾನ್‌ಫೋಕಲ್‌ನಲ್ಲಿ ಈ ಮೂರೂ ಕೆಲಸ ಲೇಸರಿಗೇ ಇದೆ! ತಂತ್ರಾಂಶದಲ್ಲಿ 488 ನ್ಯಾನೋಮೀಟರ್ ಲೇಸರನ್ನು ಆಯ್ದುಕೊಳ್ಳಬೇಕು, ಕೊನೆಗೆ ನಂದಿಸಬೇಕು, ಆರ್ಗಾನ್ ಲೇಸರಾದರೆ ಕೀಲಿ ತಿರುಗಿಸಿದ ಮೇಲೂ ಫ್ಯಾನ್ ಓಡಲು ಬಿಟ್ಟು ತಣಿಸಬೇಕು. ಬಿಸಿಯಿದ್ದಾಗಲೇ ಮೇನ್ ಸ್ವಿಚ್ ಆಫ್ ಮಾಡಿದರೆ ಲೇಸರ್ ಕೊಳವೆಯ ಆಯುಸ್ಸು ಕಡಿಮೆಯಾಗುತ್ತದೆ. ಇನ್ನೊಂದು, ‘ಸ್ವಿಚ್ ಮುಚ್ಚಿ’ ಎಂದೂ ಬರೆಯಬೇಡಿ. ಭೌತವಿಜ್ಞಾನ ಓದಿದವರಿಗೆ ಮುಚ್ಚಿದ ಸ್ವಿಚ್ಚಿನಲ್ಲೇ ಕರೆಂಟು ಹರಿಯುವುದು.

ಚೀಟಿ ಹೀಗಿರಲಿ: ‘ಮುಂದಿನ ಎರಡು ತಾಸಿನೊಳಗೆ ಬೇರೆಯವರು ಕಾಯ್ದಿರಿಸಿದ್ದರೆ ಲೇಸರನ್ನು ಹಾಗೇ ಬಿಡಿ. ನೀವೇ ಕೊನೆಯವರಾದರೆ ಲೇಸರ್ ಕೀಲಿ ಆಫ್ ಮಾಡಿ, ಫ್ಯಾನ್ ತಾನಾಗಿ ನಿಲ್ಲುವವರೆಗೆ ಕಾಯಿರಿ, ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿ. ಲೆನ್ಸಿನ ಎಣ್ಣೆಯನ್ನು ಲೆನ್ಸ್ ಪೇಪರಿನಿಂದ ತೆಗೆಯಿರಿ, ಉಜ್ಜಬೇಡಿ.’