ಓದುಗರ ಸ್ಪಂದನ: ಕಣ್ಣೂರೋ ಪುತ್ತೂರೋ, ನಾನು ಯಾರವಳು?

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಕನ್ನಡತಿ ಓದುಗಿಯೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಂಕಟ ತೋಡಿಕೊಂಡಿದ್ದರು. ಒಬ್ಬ ಕಣ್ಣೂರಿನ ಮಲಯಾಳಿ ಸಹೋದ್ಯೋಗಿ, ಇನ್ನೊಬ್ಬ ಪುತ್ತೂರಿನ ಕಾಲೇಜು ಗೆಳೆಯ. ಇಬ್ಬರ ಮೇಲೂ ಪ್ರೀತಿ. ಕಣ್ಣೂರಿನವನನ್ನು ಮದುವೆಯಾದರೆ ಕನ್ನಡದವಳಾಗಿ ಉಳಿಯುತ್ತೇನಾ ಎಂಬ ಭಯ ಬೇರೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ತಂಗಿ, ನಿನ್ನ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ನನಗೂ ಪಯ್ಯನ್ನೂರಿನವನೊಬ್ಬ ಇಷ್ಟವಿದ್ದ. ‘ಭಾಷೆ ಹೋಗ್ತದೆ, ಬೇಡ’ ಎಂದು ಅಪ್ಪ ಹಟ ಹಿಡಿದರು, ಬೆಂಗಳೂರಿನ ಸಂಬಂಧ ತಂದರು. ಮದುವೆಯಾದ ಹೊಸತು. ಪಕ್ಕದ ಮನೆಯವರು ಬಂದಿದ್ದರು, ನಾನು ಕಾಫಿ ಕೊಡುತ್ತಿದ್ದೆ. ‘ಸೊಸೆ ಕೇರಳದವಳು’ ಎಂದರು ಅತ್ತೆ. ಬಂದವರು ನನ್ನ ಮುಖ ನೋಡಿ, ‘ಪರವಾಗಿಲ್ವೇ, ಕನ್ನಡ ಚೆನ್ನಾಗಿ ಕಲಿತಿದ್ದೀಯಮ್ಮ’ ಎಂದರು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲೇ ಓದಿದವಳು ನಾನು! ಅತ್ತೆ ತಿದ್ದಲಿಲ್ಲ. ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ. ಊರಿನ ಆಫೀಸಿಗೆ ಹೋದರೆ ಕನ್ನಡದವರು, ಘಟ್ಟ ಹತ್ತಿದರೆ ಕೇರಳದವರು. ನಮ್ಮ ಪಾಡೇ ಇದು, ಅಲ್ವಾ? ಪುತ್ತೂರಿನವನು ಕನ್ನಡದವನು ಎಂಬ ಒಂದೇ ಕಾರಣಕ್ಕೆ ಅವನಿಗೆ ಹೂಂ ಅನ್ನಬೇಡ. ನಾಲ್ಕು ಜನರ ಮುಂದೆ ನಿನ್ನ ಪರ ಬಾಯಿ ಬಿಡುವವನು ಯಾರು, ನೋಡು.
– ಬದಿಯಡ್ಕದ ಮಗಳು, ಬೆಂಗಳೂರು

ಮನಸ್ಸು ಬಿಚ್ಚಿ ಬರೆದ ಈ ಅಕ್ಕನಿಗೆ ನಾವು ಋಣಿಗಳು. ಮುಂದಿನದು ಸ್ವಲ್ಪ ಖಾರ. ಆದರೆ ಕೇಳಬೇಕಾದದ್ದೇ.

ಒಬ್ಬನ ವಿಷಯ ಇನ್ನೊಬ್ಬನಿಗೆ ಗೊತ್ತುಂಟಾ? ಮೊದಲು ಅದನ್ನು ಹೇಳಿ. ಭಾಷೆಯ ಚಿಂತೆ ಆಮೇಲೆ.
– ಓದುಗ, ಉಪ್ಪಳ

1956ರ ನವೆಂಬರ್ 1ರಂದು ನಮ್ಮ ಊರು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಇಂದಿನ ಕರ್ನಾಟಕಕ್ಕೆ, ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿತು. ಏನೂ ಆಗಲಿಲ್ಲ. ಮಗಳೇ, ನೀನೂ ಕಣ್ಣೂರಿಗೆ ಹೋದರೆ ಇಲ್ಲಿ ಕನ್ನಡಕ್ಕೆ ಉಳಿಯುವವರು ಯಾರು?
– ನಿವೃತ್ತ ಅಧ್ಯಾಪಕ, ಪೆರ್ಲ

ಮೇಷ್ಟ್ರ ನೋವು ನಮ್ಮದೂ ಹೌದು. ಆದರೆ ಪುತ್ತೂರಿಗೆ ಹೋದರೂ ಕುಂಬಳೆ ಬಿಟ್ಟಂತೆಯೇ ಅಲ್ಲವೇ? ಅಷ್ಟು ದೊಡ್ಡ ಭಾರವನ್ನು ಒಬ್ಬ ಹುಡುಗಿಯ ಮದುವೆಯ ಮೇಲೆ ಹೊರಿಸಲು ನಮಗೆ ಮನಸ್ಸು ಬರುವುದಿಲ್ಲ.

ನಾನು ತಲಶ್ಶೇರಿಯವಳು, ನೀರ್ಚಾಲಿಗೆ ಸೊಸೆಯಾಗಿ ಬಂದೆ. ಅತ್ತೆ ಅಕ್ಕಿ ಆರಿಸುತ್ತಾ ಪೇಪರಿನ ಹೆಡ್ಡಿಂಗ್ ಓದಿಸಿ ಕನ್ನಡ ಕಲಿಸಿದರು. ಈ ಪತ್ರ ನಾನೇ ಬರೆದದ್ದು. ಮನೆಯಲ್ಲಿ ಎರಡೂ ಭಾಷೆ ಉಂಟು, ಜಗಳವೂ ಎರಡರಲ್ಲೂ ಆಗುತ್ತದೆ. ನೀವು ಮಲಯಾಳ ಕಲಿತದ್ದಾಯಿತು. ಕನ್ನಡ ಕಲಿಯುತ್ತೀಯಾ ಎಂದು ಕಣ್ಣೂರಿನವನನ್ನು ಕೇಳಿದ್ದೀರಾ?
– ಓದುಗಿ, ನೀರ್ಚಾಲು