ಯುಜಿಡಿ ಲೈನ್ ಮತ್ತು 10 ಎಂಎಲ್‌ಡಿ ಎಸ್‌ಟಿಪಿ: ಒಂದೇ ಟೆಂಡರೋ, ಎರಡೋ?

ಒಳಚರಂಡಿ_ಎಇ:
ನಗರಸಭೆಯೊಂದರ ಒಳಚರಂಡಿ (ಯುಜಿಡಿ) ಯೋಜನೆಯ ಡಿಪಿಆರ್ (ವಿವರವಾದ ಯೋಜನಾ ವರದಿ) ಕೊನೇ ಹಂತದಲ್ಲಿದೆ. 62 ಕಿ.ಮೀ. ಲೈನ್, ಒಂದು ವೆಟ್‌ವೆಲ್ (ಕೊಳಚೆ ಸೇರಿಸಿ ಪಂಪ್ ಮಾಡುವ ಬಾವಿ), 10 ಎಂಎಲ್‌ಡಿ (ದಿನಕ್ಕೆ 10 ದಶಲಕ್ಷ ಲೀಟರ್) ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕ. ಎಲ್ಲವನ್ನೂ ಒಂದೇ ಟರ್ನ್‌ಕೀ (ಎಲ್ಲ ಮುಗಿಸಿ ಒಪ್ಪಿಸುವ) ಟೆಂಡರಿನಲ್ಲಿ ಕೊಟ್ಟರೆ ಹೊಣೆ ಒಬ್ಬರ ಮೇಲಿರುತ್ತೆ ಅನ್ನೋದು ಮೇಲಧಿಕಾರಿಗಳ ಅಭಿಪ್ರಾಯ. ಎರಡು ಮಾಡಿದರೆ ತುಂಡು ಗುತ್ತಿಗೆ ಅಂತ ಆಡಿಟ್ ಆಕ್ಷೇಪ ಬರುತ್ತಾ? ಹ್ಯಾಮ್ (ಖರ್ಚಿನ ಒಂದು ಭಾಗ ಕಟ್ಟುವಾಗ, ಉಳಿದದ್ದು ವರ್ಷಗಟ್ಟಲೆ ಕಂತಿನಲ್ಲಿ ಕೊಡುವ) ಮಾದರಿಯ ಮಾತೂ ಎದ್ದಿದೆ.

ಬಿಒಕ್ಯು:
ಎರಡು ಮಾಡಿ ಸರ್. ಲೈನಿಗೆ ಐಟಂ ರೇಟ್ (ಪ್ರತಿ ಕೆಲಸಕ್ಕೂ ಬೇರೆ ದರ, ಅಳತೆಯಂತೆ ಬಿಲ್), ಎಸ್‌ಟಿಪಿಗೆ ಡಿಬಿಒ (ವಿನ್ಯಾಸ, ಕಟ್ಟೋದು, ನಡೆಸೋದು ಎಲ್ಲ ಗುತ್ತಿಗೆದಾರನದೇ).

ಲೈನಿನ ವಿನ್ಯಾಸ ನಿಮ್ಮದೇ, ಅಲ್ಲಿ ಗುತ್ತಿಗೆದಾರ ಹೊಸದಾಗಿ ಯೋಚಿಸೋದು ಏನೂ ಇಲ್ಲ. ಗೊತ್ತಿಲ್ಲದಿರೋದು ನೆಲದಡಿಯ ಬಂಡೆ. ಲಂಪ್‌ಸಮ್‌ನಲ್ಲಿ (ಇಡೀ ಕೆಲಸಕ್ಕೆ ಒಂದೇ ಮೊತ್ತ) ಕರೆದರೆ ಬಂಡೆಯ ಭಯಕ್ಕೆ ಎಲ್ಲರೂ ದರ ಏರಿಸಿ ಹಾಕ್ತಾರೆ. ಇಲ್ಲವೇ ಕಮ್ಮಿಗೆ ಹಿಡಿದು, ಬಂಡೆ ಸಿಕ್ಕ ಕೂಡಲೇ ಕೆಲಸ ನಿಲ್ಲಿಸಿ ಕ್ಲೇಮ್ ಹಾಕ್ತಾರೆ. ಐಟಂ ರೇಟ್‌ನಲ್ಲಿ ಮಣ್ಣು, ಮೆದು ಬಂಡೆ, ಗಟ್ಟಿ ಬಂಡೆ ಬೇರೆ ಬೇರೆ ಐಟಂ, ಸಿಕ್ಕಷ್ಟಕ್ಕೆ ದುಡ್ಡು. ಆದರೆ ಎರಡು ಎಚ್ಚರ. ಪೈಪಿನ ವ್ಯಾಸಕ್ಕೆ ತಕ್ಕಂತೆ ಬಿಲ್ ಆಗುವ ಟ್ರೆಂಚ್ ಅಗಲವನ್ನು ಟೆಂಡರಿನಲ್ಲೇ ಬರೆದಿಡಿ, ಇಲ್ಲದಿದ್ದರೆ ಅಗಲ ತೋಡಿ ಅಳತೆ ಕೊಡ್ತಾರೆ. ಬಂಡೆಯ ಲೆವೆಲ್ ಜಂಟಿಯಾಗಿ ತೆಗೆದು ಸಹಿ ಆಗೋವರೆಗೂ ಪೈಪ್ ಇಳಿಸಲು ಬಿಡಬೇಡಿ. ಮುಚ್ಚಿದ ಮೇಲೆ ಯಾರು ಹೇಳಿದ್ದೂ ನಿಜವೇ!

ಬ್ಲೋವರ್:
ಎಸ್‌ಟಿಪಿಯಲ್ಲಿ ಉಲ್ಟಾ. ಎಸ್‌ಬಿಆರ್ (ಒಂದೇ ತೊಟ್ಟಿಯಲ್ಲಿ ಸರದಿಯಂತೆ ಶುದ್ಧೀಕರಿಸುವ ವಿಧಾನ) ಬೇಕೋ, ಬೇರೆ ಪ್ರಕ್ರಿಯೆ ಬೇಕೋ ಅನ್ನೋದನ್ನು ಬಿಡ್‌ದಾರರಿಗೇ ಬಿಟ್ಟು, ಹೊರಬರುವ ನೀರಿನ ಗುಣಮಟ್ಟವನ್ನು ಮಾತ್ರ ಕಟ್ಟುನಿಟ್ಟು ಮಾಡಿ: ಉದಾಹರಣೆಗೆ ಬಿಒಡಿ (ನೀರಿನಲ್ಲಿ ಉಳಿದ ಕೊಳೆಯುವ ಪದಾರ್ಥದ ಅಳತೆ) ಲೀಟರಿಗೆ 10 ಮಿ.ಗ್ರಾಂ. ಒಳಗೆ.

ಬರೀ ಕಟ್ಟುವ ಖರ್ಚಿನ ಮೇಲೆ ಎಲ್‌1 (ಅತಿ ಕಡಿಮೆ ದರದವರನ್ನು) ಆರಿಸಿದರೆ ಅಗ್ಗದ ಬ್ಲೋವರ್ (ಕೊಳಚೆಗೆ ಗಾಳಿ ಊದುವ ಯಂತ್ರ) ಬರುತ್ತೆ, ಕರೆಂಟ್ ಬಿಲ್ ನಗರಸಭೆಯ ತಲೆಗೆ. ಕಟ್ಟುವ ಖರ್ಚು, 10 ವರ್ಷದ ನಿರ್ವಹಣೆ, ಬಿಡ್‌ದಾರ ಖಾತರಿ ಕೊಟ್ಟ ಯೂನಿಟ್‌ಗಳ ವಿದ್ಯುತ್ ವೆಚ್ಚ, ಮೂರನ್ನೂ ಇಂದಿನ ಮೌಲ್ಯಕ್ಕೆ ತಂದು ಕೂಡಿಸಿ ಹೋಲಿಸಿ. ಖಾತರಿ ಮೀರಿದ ಯೂನಿಟ್‌ಗೆ ಬಿಲ್ಲಿನಲ್ಲಿ ಕಡಿತ. ಇಲ್ಲೊಂದು ಕುತಂತ್ರ ನಡೆಯುತ್ತೆ: ನಿರ್ವಹಣೆಗೆ ಪುಡಿಗಾಸು ನಮೂದಿಸಿ, ಲಾಭವನ್ನೆಲ್ಲ ಕಟ್ಟುವ ಹಂತದಲ್ಲೇ ಎತ್ತಿಕೊಂಡು, ಎರಡನೇ ವರ್ಷಕ್ಕೆ ಜಾಗ ಖಾಲಿ ಮಾಡೋದು. ಅದಕ್ಕೇ ನಿರ್ವಹಣೆಗೆ ಪ್ರತ್ಯೇಕ ಬ್ಯಾಂಕ್ ಗ್ಯಾರಂಟಿ ಇರಲಿ.

ಹ್ಯಾಮ್ ಬಗ್ಗೆ: ಗಂಗಾ ಯೋಜನೆಯಲ್ಲಿ ವಾರಾಣಸಿಯ ರಮಣಾದ 50 ಎಂಎಲ್‌ಡಿ ಘಟಕ ಆ ಮಾದರಿಯದು. 40% ಕಟ್ಟುವಾಗ, 60% 15 ವರ್ಷಗಳ ಕಂತು. ಅಲ್ಲಿ ಹಿಂದೆ ಕೇಂದ್ರದ ಹಣವಿದೆ. ನಗರಸಭೆ 15 ವರ್ಷ ಕಂತು ಕಟ್ಟುತ್ತೆ ಅಂತ ಗುತ್ತಿಗೆದಾರನಿಗೆ ಸಾಲ ಕೊಡುವ ಬ್ಯಾಂಕಿನವರು ನಂಬಬೇಕಲ್ಲ?

ಟಿಪ್ಪಣಿ_ಹಾಳೆ:
ಆಡಿಟ್ ವಿಚಾರ. ಟೆಂಡರ್ ತಪ್ಪಿಸಲು ಅಥವಾ ಮಂಜೂರಾತಿ ಅಧಿಕಾರದ ಮಿತಿಯೊಳಗೆ ತೂರಿಸಲು ಒಡೆದರೆ ತುಂಡು ಗುತ್ತಿಗೆ. ಇಡೀ ಯೋಜನೆಗೆ ಸಕ್ಷಮ ಪ್ರಾಧಿಕಾರದಿಂದ ಒಟ್ಟಿಗೇ ಮಂಜೂರಾತಿ ಪಡೆದು, ಎರಡನ್ನೂ ಕೆಟಿಪಿಪಿ ಕಾಯ್ದೆ (ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಯ ಕರ್ನಾಟಕ ಕಾಯ್ದೆ) 1999ರಡಿ ಮುಕ್ತವಾಗಿ ಕರೆದು, ಕಾರಣವನ್ನು ಟೆಂಡರಿಗೆ ಮುಂಚೆಯೇ ಕಡತದಲ್ಲಿ ಬರೆದರೆ ಉತ್ತರ ನಿಮ್ಮ ಕೈಲಿರುತ್ತೆ.

ಹೊಣೆ ಹಂಚಿಹೋಗುತ್ತೆ ಅನ್ನೋ ನಿಮ್ಮ ಮೇಲಧಿಕಾರಿಗಳ ಭಯವೂ ಸುಳ್ಳಲ್ಲ. ದಿನಕ್ಕೆ ತಲಾ 135 ಲೀಟರ್ ನೀರು ಕೊಟ್ಟರೆ, ಅದರ 80% ಅಂದರೆ 108 ಲೀಟರ್ ಕೊಳಚೆಯಾಗಿ ಬರುತ್ತೆ. 10 ಎಂಎಲ್‌ಡಿಗೆ ಸುಮಾರು 92,600 ಜನರ ಕೊಳಚೆ ಬೇಕು. ಘಟಕ ಮುಗಿದು ಮನೆ ಸಂಪರ್ಕ ಆಗದಿದ್ದರೆ ಟ್ರಯಲ್ ರನ್ನಿಗೇ ನೀರಿಲ್ಲ, ಕಾದ ತಿಂಗಳಿಗೆಲ್ಲ ಡಿಬಿಒದವರ ಕ್ಲೇಮ್ ಬರುತ್ತೆ. ಲೈನ್ ಗುತ್ತಿಗೆಯಲ್ಲಿ ಟ್ರಂಕ್ ಮೇನ್ (ಮುಖ್ಯ ಕೊಳವೆ) ಮತ್ತು ವೆಟ್‌ವೆಲ್ಲನ್ನು ಮೊದಲ ಮೈಲಿಗಲ್ಲು ಮಾಡಿ, ತಡವಾದರೆ ಪ್ರತ್ಯೇಕ ದಂಡ. ಮನೆ ಸಂಪರ್ಕವನ್ನೂ ಅದೇ ಬಿಒಕ್ಯುಗೆ (ಕೆಲಸಗಳ ಪ್ರಮಾಣಪಟ್ಟಿಗೆ) ಸೇರಿಸಿ.