ಸಹಾಯ ಬೇಕು: ಮೂಳೆ ಗಟ್ಟಿಯಾದರೆ ಕ್ಯಾನ್ಸರ್ ಅಂತ ಅತ್ತೆ ಕ್ಯಾಲ್ಸಿಯಂ ಮಾತ್ರೆ ಬಿಟ್ಟಿದ್ದಾರೆ

ನಮಸ್ಕಾರ. ನಾವು ಸೋಮವಾರಪೇಟೆ ಕಡೆಯವರು. ಅತ್ತೆಗೆ 64 ವರ್ಷ. ಹೋದ ವರ್ಷ ಸ್ತನ ಕ್ಯಾನ್ಸರ್ ಆಪರೇಷನ್ ಆಯಿತು, ಈಗ ಕ್ಯಾನ್ಸರ್ ಮರಳದಿರಲಿ ಅಂತ ದಿನಾ ಲೆಟ್ರೋಜೋಲ್ ಮಾತ್ರೆ. ಮೊನ್ನೆ ಮೈಸೂರಿನಲ್ಲಿ ಮೂಳೆ ಎಷ್ಟು ಗಟ್ಟಿ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆವು. ಅದರ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 2.7. ಮೈನಸ್ 2.5ಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತ, ಅಂತೆ.

ಅಷ್ಟರಲ್ಲಿ ನೆಂಟರೊಬ್ಬರು ಬಂದು, "ಮೂಳೆ ಗಟ್ಟಿ ಇದ್ದವರಿಗೇ ಈ ಕ್ಯಾನ್ಸರ್ ಜಾಸ್ತಿ" ಅಂದುಬಿಟ್ಟರು. ಅವತ್ತಿನಿಂದ ಅತ್ತೆ ಕ್ಯಾಲ್ಸಿಯಂ ಮುಟ್ಟುತ್ತಿಲ್ಲ. ರಾಗಿ ಮುದ್ದೆಯನ್ನೂ ಅನುಮಾನದಿಂದ ನೋಡುತ್ತಾರೆ!

ಮಾತು ಪೂರ್ತಿ ಸುಳ್ಳೂ ಅಲ್ಲ. ಮುಟ್ಟು ನಿಂತ ಹೆಂಗಸರಲ್ಲಿ ಹೀಗೊಂದು ನಂಟು ಇದೆ ಅಂತ ಅಮೆರಿಕದಲ್ಲಿ ಒಂದೇ ಊರಿನವರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಿದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1997ರಲ್ಲೇ ಹೇಳಿತ್ತು. ಆದರೆ ಅದಕ್ಕೆ ಮುಖ್ಯ ಕಾರಣ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಅನ್ನುತ್ತಾರೆ. ಮೂಳೆ ಕಾಯುವ ಹಾರ್ಮೋನೇ ಸ್ತನದ ಜೀವಕೋಶ ಬೆಳೆಯಲೂ ಕುಮ್ಮಕ್ಕು ಕೊಡುತ್ತದೆ. ಗಟ್ಟಿ ಮೂಳೆ ಬರೀ ಗುರುತು, ತಪ್ಪು ಅದರದ್ದಲ್ಲ. ಲೆಟ್ರೋಜೋಲ್ ಈಸ್ಟ್ರೋಜನ್ ಇಳಿಸುತ್ತದೆ, ಅದಕ್ಕೇ ಮೂಳೆ ಸವೆಯುವುದು. ಇದನ್ನು ಸೊಸೆ ಹೇಳಿದರೆ ಯಾರು ಕೇಳುತ್ತಾರೆ, ಅಲ್ವಾ?

ಡಾಕ್ಟರ್ ಮೂಳೆ ಸವೆಯದಿರಲಿ ಅಂತ ಆರು ತಿಂಗಳಿಗೊಮ್ಮೆ ಜೋಲೆಡ್ರೋನಿಕ್ ಇಂಜೆಕ್ಷನ್ ಹೇಳಿದ್ದಾರೆ, ಮೊದಲು ಹಲ್ಲು ತೋರಿಸಬೇಕಂತೆ. ಯಾರಾದರೂ ಹಾಕಿಸಿಕೊಂಡಿದ್ದೀರಾ? ಜ್ವರ, ಮೈಕೈ ನೋವು ಎಷ್ಟು ದಿನ ಇತ್ತು? ಮಡಿಕೇರಿಯಲ್ಲೇ ಆಗುತ್ತದಾ? ಮಳೆಗಾಲ ಬೇರೆ, ತೋಟದ ದಾರಿ ಪೂರ್ತಿ ಪಾಚಿ. ಲೆಟ್ರೋಜೋಲ್ ತಗೊಂಡ ಅಮ್ಮಂದಿರು ಯಾರಾದರೂ ಅತ್ತೆ ಜೊತೆ ಫೋನಿನಲ್ಲಿ ಎರಡು ಮಾತಾಡಿದರೆ ದೊಡ್ಡ ಉಪಕಾರ.